ಅಂಗಡಿಯ ಫೋನೂ ಒಂದು ಗಲ್ಲಾಪೆಟ್ಟಿಗೆ

ಭಾನುವಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಕಿರಾಣಿ ಅಂಗಡಿ ಇದೆ. ಗಲ್ಲಾಪೆಟ್ಟಿಗೆಯ ಕೀಲಿ ಅಬ್ಬಾ ಅವರ ಜೇಬು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆದರೆ ಅಂಗಡಿಯ ಫೋನು ಮಾತ್ರ ಕೌಂಟರ್ ಮೇಲೆ ಬಿದ್ದಿರುತ್ತಿತ್ತು. ಕ್ಯೂಆರ್ ಕೋಡ್‌ನ ಹಣ ಬರುವುದು ಅದಕ್ಕೆ, ಗಿರಾಕಿಗಳ ನಂಬರ್ ಇರುವುದು ಅದರಲ್ಲಿ, ಉದ್ರಿ ಪುಸ್ತಕದ ಫೋಟೊ ಇರುವುದೂ ಅದರಲ್ಲಿ. ಸಂಜೆ ನನ್ನ ತಮ್ಮ ಗೇಮ್ ಆಡುವುದಕ್ಕೂ ಅದೇ ಫೋನು. ಅದರ ಲಾಕ್ ನಂಬರ್ ಮನೆಯವರಿಗೆಲ್ಲ ಗೊತ್ತಿತ್ತು.

ಕಳೆದ ವರ್ಷ ಒಂದು ಸಂಜೆ ಅಬ್ಬಾ ಮಗ್ರಿಬ್ ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನಿದ್ದೆ. ವಾಟ್ಸಾಪ್‌ಗೆ ಒಂದು ಸಂದೇಶ ಬಂತು: ನಿಮ್ಮ ಬೈಕಿನ ಮೇಲೆ ಸಂಚಾರ ದಂಡವಿದೆ, ಕೆಳಗಿನ ಫೈಲ್ ತೆರೆದು ನೋಡಿ. ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿತ್ತು. ನಾನು ಒತ್ತಿದೆ. ಅದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು, ಕೊಟ್ಟೆ. ವಿವರ ನೋಡಲು 1 ರೂಪಾಯಿ ಕಟ್ಟಬೇಕೆಂದು ಅಬ್ಬಾ ಅವರ ಎಟಿಎಂ ಕಾರ್ಡ್ ನಂಬರ್ ಕೇಳಿತು, ಅದನ್ನೂ ಹಾಕಿದೆ. ಅರ್ಧ ಗಂಟೆಯಲ್ಲಿ 18,400 ರೂಪಾಯಿ ಹೋಯಿತು. ಮರುದಿನ ದಾವಣಗೆರೆಯ ಹೋಲ್‌ಸೇಲ್ ವ್ಯಾಪಾರಿಗೆ ಕೊಡಲೆಂದು ಇಟ್ಟ ಹಣ ಅದು.

ಹಣಕ್ಕಿಂತ ದೊಡ್ಡ ಪೆಟ್ಟು ಬೆಳಿಗ್ಗೆ ಬಿತ್ತು. ನಮ್ಮ ನಂಬರಿನಿಂದಲೇ ಎಲ್ಲ ಗಿರಾಕಿಗಳಿಗೂ ಅದೇ ಫೈಲ್ ಹೋಗಿತ್ತು. ಒಬ್ಬ ಹಿರಿಯ ರೈತರು ಅಂಗಡಿಗೆ ಬಂದು, "ನೀವು ಕಳ್ಸಿದ್ದು ಅಂತ ಒತ್ತಿದ್ನಲ್ರೀ ಸಾಬ್ರೇ" ಎಂದರು. ಪುಣ್ಯಕ್ಕೆ ಅವರು ಕಾರ್ಡ್ ನಂಬರ್ ಹಾಕಿರಲಿಲ್ಲ. ಅಬ್ಬಾ ಅಂದು ಅಂಗಡಿ ಮುಚ್ಚಿ, ಮನೆ ಮನೆಗೆ ಹೋಗಿ ಎಲ್ಲರಿಗೂ ಹೇಳಿ ಬಂದರು. ನನಗೆ ಬೈಯಲಿಲ್ಲ. "ಬೇಟಾ, ಅವರ ನಂಬರ್ ನಮ್ಮ ಹತ್ತಿರ ಇರುವುದು ಅಮಾನತ್" ಎಂದಷ್ಟೇ ಹೇಳಿದರು. ಅಮಾನತ್ ಎಂದರೆ ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು.

ಆಮೇಲೆ ನಾನು ಇದು ಹೇಗೆ ನಡೆಯಿತು ಎಂದು ಓದಿ ತಿಳಿದುಕೊಂಡೆ. ಆಂಡ್ರಾಯ್ಡ್ ಫೋನಿನಲ್ಲಿ ಎಪಿಕೆ ಎಂದರೆ ಆ್ಯಪ್ ಅನ್ನು ಸ್ಥಾಪಿಸುವ ಫೈಲ್. ಪ್ಲೇ ಸ್ಟೋರ್‌ಗೆ ಬರುವ ಆ್ಯಪ್‌ಗಳನ್ನು ಗೂಗಲ್ ಮೊದಲೇ ಪರಿಶೀಲಿಸುತ್ತದೆ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಫೈಲಿಗೆ ಆ ಪರಿಶೀಲನೆ ಆಗಿರುವುದಿಲ್ಲ. ಎಸ್ಸೆಮ್ಮೆಸ್ ಓದುವ ಅನುಮತಿ ಸಿಕ್ಕರೆ ಬ್ಯಾಂಕಿನ ಒಟಿಪಿ ನೇರವಾಗಿ ಕಳ್ಳನ ಕೈ ಸೇರುತ್ತದೆ. ವಾಟ್ಸಾಪ್‌ನ ಆರು ಅಂಕಿಯ ಕೋಡ್ ಕೂಡ ಎಸ್ಸೆಮ್ಮೆಸ್‌ನಲ್ಲೇ ಬರುವುದರಿಂದ ನಮ್ಮ ಖಾತೆ ಅವನ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಅಂದರೆ ಬೀಗ ಒಡೆಯುವ ಕೆಲಸವೇ ಅವನಿಗೆ ಬರಲಿಲ್ಲ. ಕೀಲಿಯನ್ನು ನಾನೇ ಕೊಟ್ಟಿದ್ದೆ.

ದೊಡ್ಡ ಕಂಪನಿಗಳು ಇದನ್ನು ಹೇಗೆ ತಡೆಯುತ್ತವೆ? ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ನಾವು ಓದಿದ ಒಂದು ಪಾಠ ನೆನಪಿಸಿಕೊಳ್ಳಿ. ವ್ಯವಹಾರವೇ ಬೇರೆ, ಅದರ ಮಾಲೀಕನೇ ಬೇರೆ. ಮಾಲೀಕ ಮನೆಗೆ ಒಯ್ದ ಸಕ್ಕರೆಯನ್ನೂ ಹಿಂತೆಗೆತ ಎಂದು ಬರೆಯುತ್ತೇವೆ. ಕಂಪನಿಗಳು ಇದೇ ನಿಯಮವನ್ನು ಫೋನಿಗೆ ಹಾಕಿವೆ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ 'ವರ್ಕ್ ಪ್ರೊಫೈಲ್' ಎಂಬ ಸೌಲಭ್ಯವಿದೆ. ಒಂದೇ ಫೋನಿನಲ್ಲಿ ಕಚೇರಿಯ ಆ್ಯಪ್‌ಗಳು ಒಂದು ಕೋಣೆಯಲ್ಲಿ, ಸ್ವಂತ ಆ್ಯಪ್‌ಗಳು ಇನ್ನೊಂದು ಕೋಣೆಯಲ್ಲಿ ಇದ್ದ ಹಾಗೆ. 'ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್' ಎಂಬ ತಂತ್ರಾಂಶದಿಂದ ಯಾವ ಆ್ಯಪ್ ಹಾಕಬಹುದು ಎಂಬುದನ್ನು ಕಂಪನಿಯೇ ತೀರ್ಮಾನಿಸುತ್ತದೆ. ನೌಕರನ ಫೋನು ಕಳೆದರೆ ಕಚೇರಿಯ ಮಾಹಿತಿಯನ್ನು ದೂರದಿಂದಲೇ ಅಳಿಸುತ್ತದೆ.

ನಮ್ಮಂಥ ಅಂಗಡಿಗೆ ಅಂಥ ತಂತ್ರಾಂಶ ಬೇಕಿಲ್ಲ, ಆದರೆ ಆ ನಿಯಮ ಬೇಕು. ಮನೆ, ಅಂಗಡಿ ಎರಡನ್ನೂ ಬೆರೆಸಿದರೆ ಬರುವ ತೊಂದರೆ ಕಳ್ಳರಿಂದ ಮಾತ್ರ ಅಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ. ಮಾರಾಟದ ಹಣ, ನೆಂಟರು ಕಳಿಸಿದ ಹಣ, ಕೈಸಾಲ ಎಲ್ಲವೂ ಒಂದೇ ಖಾತೆಗೆ ಬಂದಿದ್ದರೆ, ಯಾವುದು ಏನೆಂದು ಬಿಡಿಸಿ ಹೇಳುವುದು ಕಷ್ಟ.

ನಮ್ಮ ಅಂಗಡಿಯಲ್ಲಿ ಈಗ ಮಾಡಿಕೊಂಡ ಏರ್ಪಾಡು ಹೀಗಿದೆ:

1. ಅಂಗಡಿಯ ಫೋನು ಅಂಗಡಿಗೆ ಮಾತ್ರ. ತಮ್ಮನಿಗೆ ಹಳೆಯ ಫೋನು ಕೊಟ್ಟಿದ್ದೇವೆ. ಅದರಲ್ಲಿ ಸಿಮ್ಮೂ ಇಲ್ಲ, ಬ್ಯಾಂಕ್ ಆ್ಯಪೂ ಇಲ್ಲ.

2. ಕ್ಯೂಆರ್ ಕೋಡ್‌ಗೆ ಬೇರೆ ಖಾತೆ. ರಾತ್ರಿ ಗಲ್ಲಾ ಎಣಿಸುವ ಹೊತ್ತಿಗೆ ಅದರ ಹಣವನ್ನು ಇನ್ನೊಂದು ಖಾತೆಗೆ ಹಾಕುತ್ತೇವೆ. ಆ ಖಾತೆಯ ಕಾರ್ಡ್ ಮನೆಯಲ್ಲಿರುತ್ತದೆ, ಅದಕ್ಕೆ ಜೋಡಿಸಿದ ಸಿಮ್ ಅಮ್ಮಿಯ ಫೋನಿನಲ್ಲಿದೆ.

3. ಆ್ಯಪ್ ಪ್ಲೇ ಸ್ಟೋರ್‌ನಿಂದ ಮಾತ್ರ. ಪ್ರತಿ ಆ್ಯಪ್ ಕೇಳುವ ಅನುಮತಿಯನ್ನು ಓದಬೇಕು. ಟಾರ್ಚ್ ಆ್ಯಪ್‌ಗೆ ನಮ್ಮ ಗಿರಾಕಿಗಳ ನಂಬರ್ ಏಕೆ? ದಂಡ ಇದೆಯೋ ಇಲ್ಲವೋ ಎಂಬುದನ್ನು ಸರ್ಕಾರದ ಇ-ಚಲನ್ ಜಾಲತಾಣದಲ್ಲೇ ನೋಡಬಹುದು.

4. ವಾಟ್ಸಾಪ್‌ನಲ್ಲಿ 'ಟು ಸ್ಟೆಪ್ ವೆರಿಫಿಕೇಶನ್' ಹಾಕಿದ್ದೇವೆ. ಒಟಿಪಿ ಕದ್ದರೂ ನಾವು ಇಟ್ಟುಕೊಂಡ ಪಿನ್ ಬೇಕಾಗುತ್ತದೆ. 'ಲಿಂಕ್ಡ್ ಡಿವೈಸಸ್' ಪಟ್ಟಿಯನ್ನು ಪ್ರತಿ ಶುಕ್ರವಾರ ನೋಡುತ್ತೇವೆ.

5. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ರಸೀದಿಯಲ್ಲ. ನಮ್ಮ ಖಾತೆಗೆ ಬಂದರೆ ಮಾತ್ರ ಬಂದಂತೆ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

6. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ನಂಬರ್ ಬರುತ್ತದೆ. ಅದನ್ನು ಉದ್ರಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇವೆ. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ಜಾಲತಾಣದಲ್ಲಿ ಆ ಫೋನನ್ನು ನಿರ್ಬಂಧಿಸಬಹುದು.

ಇಷ್ಟಾದರೂ ತಪ್ಪು ನಡೆಯಬಹುದು. ಆಗ ಮುಚ್ಚಿಡಬೇಡಿ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕನ ನಿರ್ಲಕ್ಷ್ಯದಿಂದ ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಕಂಪನಿಗಳಿಗೂ ಇಂಥ ಶಿಸ್ತಿದೆ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ 'ಸರ್ಟ್-ಇನ್' ಸಂಸ್ಥೆ 2022ರಲ್ಲಿ ಆದೇಶಿಸಿದೆ.

ನಾನು ಅಂದು ಹೆದರಿ, ಅಬ್ಬಾಗೆ ಹೇಳಲು ಎರಡು ಗಂಟೆ ತಡಮಾಡಿದೆ. ಆಮೇಲೆ 1930ಕ್ಕೆ ಕರೆ ಮಾಡಿದಾಗ 6,000 ರೂಪಾಯಿಯನ್ನು ಮಾತ್ರ ತಡೆಹಿಡಿಯಲು ಆಯಿತು. ಆ ಎರಡು ಗಂಟೆ ನನಗೆ ಇಂದಿಗೂ ನೆನಪಾಗುತ್ತದೆ.

ನಮ್ಮ ಕಾಲೇಜಿನಲ್ಲಿ ಎಷ್ಟೋ ಜನರ ಮನೆಯಲ್ಲಿ ಅಂಗಡಿ, ಗ್ಯಾರೇಜು, ಮಂಡಕ್ಕಿ ಭಟ್ಟಿ, ಟೈಲರಿಂಗ್ ಇವೆ. ಮನೆಯಲ್ಲಿ ಫೋನಿನ ವಿಷಯ ಹೆಚ್ಚು ಗೊತ್ತಿರುವವರು ನಾವೇ ಎಂದು ಹಿರಿಯರು ನಂಬಿರುತ್ತಾರೆ. ಇಂದು ಸಂಜೆ ಮನೆಗೆ ಹೋದಾಗ ಆ ಫೋನನ್ನು ಕೈಗೆತ್ತಿಕೊಂಡು, ಅದರಲ್ಲಿರುವ ಆ್ಯಪ್‌ಗಳ ಪಟ್ಟಿಯನ್ನು ಹಿರಿಯರ ಜೊತೆ ಕುಳಿತು ಒಮ್ಮೆ ಓದಿ.