ಲಾವಾ ನೆಲದ ಮೇಲೆ ನಾಲ್ಕು ದಿನ

ಎಚ್-1ಬಿ ವೀಸಾದ ಮೇಲೆ ಅಮೆರಿಕದಲ್ಲಿರುವ ನಮ್ಮಂಥವರಿಗೆ ಹವಾಯಿ ಒಂದು ಅನುಕೂಲದ ಜಾಗ. ಬೇರೆ ದೇಶಕ್ಕೆ ಸುತ್ತಾಡೋಕೆ ಹೋದ್ರೆ ವಾಪಸ್ ಬರುವಾಗ ವೀಸಾ ಸ್ಟಾಂಪಿಂಗ್ ಚಿಂತೆ. ಹವಾಯಿ ಅಮೆರಿಕದ್ದೇ ರಾಜ್ಯ. ವಿಮಾನ ಪೆಸಿಫಿಕ್ ಸಾಗರದ ನಟ್ಟನಡುವೆ ಇಳಿದರೂ ಕಾಗದದ ಲೆಕ್ಕದಲ್ಲಿ ನಾವು ದೇಶ ಬಿಟ್ಟಿಲ್ಲ. ಏಪ್ರಿಲ್ 15ರ ತೆರಿಗೆ ಗಡುವು ಮುಗಿದ ಮೇಲೆ ಕ್ಯಾಲಿಫೋರ್ನಿಯಾದಿಂದ ನಾವು ಐದು ಜನ ಗೆಳೆಯರು ನಾಲ್ಕು ದಿನಕ್ಕೆ ಅಲ್ಲಿನ ಬಿಗ್ ಐಲ್ಯಾಂಡಿಗೆ ಹೊರಟಿದ್ದು ಈ ಧೈರ್ಯದ ಮೇಲೆ.

ಹೊರಡೋಕೆ ಎರಡು ವಾರ ಇದೆ ಅನ್ನುವಾಗ ನಮ್ಮಲ್ಲೊಬ್ಬರಿಗೆ, ಮೂಡಿಗೆರೆಯವರಿಗೆ, ಕೆಲಸ ಹೋಯ್ತು. ಕೆಲಸ ಹೋದ ಎಚ್-1ಬಿಯವರಿಗೆ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ಇವರ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಬೇಕು, ಅದೂ ಇಲ್ಲದಿದ್ರೆ ಗಂಟುಮೂಟೆ ಕಟ್ಟಬೇಕು. "ನೀವು ಹೋಗಿ ಬನ್ನಿ, ನಂಗೆ ಈಗ ಬೇಡ" ಅಂದ್ರು. ಟಿಕೆಟ್ ದುಡ್ಡು ವಾಪಸ್ ಬರೋದಿಲ್ಲ, ಮನೆಯಲ್ಲಿ ಕೂತ್ರೆ ದಿನಗಳೇನೂ ಉಳಿಯೋದಿಲ್ಲ ಅಂತ ಅವರ ಮನೆಯವರೇ ಬ್ಯಾಗ್ ತುಂಬಿ ಕಳಿಸಿದ್ರು.

ಕೋನಾದಲ್ಲಿ ವಿಮಾನ ಇಳಿಯುವಾಗ ಕೆಳಗೆ ಕಾಣೋದು ಬರೀ ಕಪ್ಪು ಬಂಡೆ. ಹುಅಲಾಲೈ ಅನ್ನುವ ಜ್ವಾಲಾಮುಖಿ 1801ರಲ್ಲಿ ಉಗುಳಿದ ಲಾವಾದ ಮೇಲೇ ಈ ವಿಮಾನ ನಿಲ್ದಾಣ ಕಟ್ಟಿದ್ದಾರೆ. ಬಾಡಿಗೆ ಕಾರು ತಗೊಂಡು 11ನೇ ನಂಬರಿನ ರಸ್ತೆಯಲ್ಲಿ ದಕ್ಷಿಣಕ್ಕೆ ತಿರುಗಿದ್ವಿ. ಬಲಕ್ಕೆ ಸಮುದ್ರ, ಎಡಕ್ಕೆ ಗುಡ್ಡದ ಓರೆಯಲ್ಲಿ ಕಾಫಿ ತೋಟ. ಅಲ್ಲಲ್ಲಿ ಗಿಡದ ತುಂಬ ಬಿಳಿ ಹೂವು; ಅಲ್ಲಿನವರು ಇದನ್ನು ಕೋನಾ ಹಿಮ ಅಂತಾರೆ. ಮೂಡಿಗೆರೆಯವರು ಅಲ್ಲೇ ಮೊದಲ ಸಲ ಬಾಯಿ ಬಿಟ್ರು: "ನಮ್ಮಲ್ಲಿ ನೆರಳಿನ ಮರ ಇಲ್ಲದೆ ಕಾಫಿ ಉಂಟಾ? ಇವರದ್ದೆಲ್ಲ ಬೋಳು ತೋಟ." ಇಲ್ಲಿ ಮಧ್ಯಾಹ್ನ ಆಗ್ತಿದ್ದಂತೆ ಗುಡ್ಡದ ಮೇಲೆ ಮೋಡ ಕವಿಯುತ್ತೆ, ಅದೇ ನೆರಳು.

ದಾರಿಯಲ್ಲಿ ಕಾ ಲೇ ತುದಿಗೆ ಹೋದ್ವಿ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಅತ್ಯಂತ ದಕ್ಷಿಣದ ನೆಲ ಅದು. ಪುನಲುಉ ಕಡಲತೀರದಲ್ಲಿ ಮರಳು ಕಾಡಿಗೆಯಷ್ಟು ಕಪ್ಪು. ಕುದಿಯುವ ಲಾವಾ ಸಮುದ್ರದ ನೀರಿಗೆ ಬಿದ್ದು ಸಿಡಿದು ಆದ ಮರಳು ಅದು. ದೊಡ್ಡ ದೊಡ್ಡ ಕಡಲಾಮೆಗಳು ಬಿಸಿಲು ಕಾಯ್ತಾ ಮಲಗಿರ್ತವೆ. ಅವುಗಳಿಂದ ದೂರ ಇರಬೇಕು.

ಎರಡನೇ ದಿನ ಜ್ವಾಲಾಮುಖಿಗಳ ರಾಷ್ಟ್ರೀಯ ಉದ್ಯಾನ. ನಾವು ಹೋದಾಗ ಒಂದು ಗಾಡಿಗೆ 30 ಡಾಲರ್, ಏಳು ದಿನ ನಡೆಯುತ್ತೆ. ನಾವು ನಡೆದದ್ದು ಕೀಲಾವೇಯಾ ಈಕಿ ಕುಳಿಯ ದಾರಿ, ಸುತ್ತು ಹೊಡೆದ್ರೆ ಸುಮಾರು 5.3 ಕಿಲೋಮೀಟರ್. 1959ರ ನವೆಂಬರ್ 14ರಂದು ಇಲ್ಲಿ ನೆಲ ಬಾಯಿಬಿಟ್ಟು 36 ದಿನ ಬಿಟ್ಟು ಬಿಟ್ಟು ಲಾವಾ ಚಿಮ್ಮಿತು. ಒಮ್ಮೆಯಂತೂ ಕಾರಂಜಿ ಸುಮಾರು 580 ಮೀಟರ್ ಎತ್ತರಕ್ಕೆ ಏರಿತ್ತು. ಕುಳಿಯಲ್ಲಿ ನಿಂತ ಬೆಂಕಿಯ ಕೆರೆ ಪೂರ್ತಿ ಗಟ್ಟಿಯಾಗೋಕೆ 30 ವರ್ಷಕ್ಕೂ ಹೆಚ್ಚು ಬೇಕಾಯ್ತು.

ಮಳೆಕಾಡಿನೊಳಗಿನ ಮೆಟ್ಟಿಲು ದಾರಿಯಲ್ಲಿ ಸುಮಾರು 120 ಮೀಟರ್ ಕೆಳಗಿಳಿದ್ರೆ ಗಿಡಮರ ತಟ್ಟನೆ ನಿಂತುಹೋಗಿ ಕಪ್ಪು ಬಯಲು ಶುರು. ಬಿರುಕುಗಳಿಂದ ಹಬೆ ಏಳ್ತಿತ್ತು. ಮಳೆನೀರು ಒಳಗಿಳಿದು ಇನ್ನೂ ಬಿಸಿಯಿರೋ ಕಲ್ಲಿಗೆ ತಾಗಿ ಹಾಗೆ ಬರುತ್ತೆ. ದಾರಿ ತೋರಿಸೋಕೆ ಕಲ್ಲಿನ ಗುಪ್ಪೆ ಇಟ್ಟಿದ್ದಾರೆ. ಅದನ್ನು ಬಿಟ್ಟು ಆಚೀಚೆ ಹೋಗಬಾರದು. ನಮ್ಮ ವಿಜಯಪುರದವರು ಒಂದು ಬಂಡೆ ಸವರಿ, "ಇದು ನಮ್ಮ ಗೋಳಗುಮ್ಮಟದ ಕಲ್ಲೇ ಐತಲ್ರೀ" ಅಂದ್ರು. ಮಾತು ಸುಳ್ಳಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ ನೆಲದಲ್ಲಿ ಹರಿದ ಲಾವಾ ಕೂಡ ಇದೇ ಬಸಾಲ್ಟ್ ಜಾತಿಯದು. ಉತ್ತರ ಕರ್ನಾಟಕದ ಎರೆಮಣ್ಣು ಅದು ಸವೆದು ಆದದ್ದು.

ಕುಳಿಯ ನಡುವೆ ಕೂತು ಅವರೇ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದ್ವಿ. ಪಕ್ಕದ ಬಿರುಕಿನಲ್ಲಿ ಮೊಣಕಾಲೆತ್ತರದ ಓಹಿಯಾ ಗಿಡ, ಕೆಂಪು ಹೂವು ಬಿಟ್ಟಿತ್ತು. ಲಾವಾ ತಣ್ಣಗಾದ ಮೇಲೆ ಮೊದಮೊದಲು ಬೇರು ಬಿಡೋದು ಜರೀಗಿಡ ಮತ್ತು ಇದು. ಮೂಡಿಗೆರೆಯವರು ಅದನ್ನೇ ನೋಡ್ತಾ, "ಇದಕ್ಕೆ ಮಣ್ಣೇ ಬೇಡ್ವೇನ್ರೀ?" ಅಂದ್ರು. ನಾವ್ಯಾರೂ ಮಾತಾಡಲಿಲ್ಲ, ರೊಟ್ಟಿ ಕೈ ಬದಲಾಯಿಸಿದ್ವಿ.

ಮೂರನೇ ದಿನ ಹಿಲೋ ಊರು. 1960ರ ಮೇ ತಿಂಗಳಲ್ಲಿ ಚಿಲಿ ದೇಶದ ಭೂಕಂಪದಿಂದ ಎದ್ದ ಸುನಾಮಿಗೆ ಇಲ್ಲಿ 61 ಜನ ಸತ್ತರು. ಆ ರಾತ್ರಿ 1 ಗಂಟೆ 4 ನಿಮಿಷಕ್ಕೆ ನಿಂತ ಗಡಿಯಾರವನ್ನು ರಸ್ತೆ ಬದಿಯಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ಇದೇ ದ್ವೀಪದ ಪುನಾ ಕಡೆ 2018ರಲ್ಲಿ ಲಾವಾ ಹರಿದು 700ಕ್ಕೂ ಹೆಚ್ಚು ಕಟ್ಟಡ ನಾಶವಾದವು. ಆದ್ರೂ ಜನ ಅಲ್ಲಿ ಬದುಕ್ತಾ ಇದ್ದಾರೆ.

ಹಿಲೋದಿಂದ 19ನೇ ನಂಬರಿನ ರಸ್ತೆಯಲ್ಲಿ ಉತ್ತರಕ್ಕೆ ಹೋದ್ರೆ ಹಾಮಾಕುಆ ಕರಾವಳಿ. ಸೇತುವೆ, ಕಣಿವೆ, ಜಲಪಾತ. ಆಗುಂಬೆ ಘಾಟಿಯನ್ನು ಸಮುದ್ರದ ಪಕ್ಕ ತಂದಿಟ್ಟ ಹಾಗೆ. ಮೊದಲು ಇದೆಲ್ಲ ಕಬ್ಬಿನ ಸೀಮೆ. ದ್ವೀಪದ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಕಬ್ಬು ಕಡಿಯೋಕೆ ಚೀನಾ, ಜಪಾನ್, ಪೋರ್ಚುಗಲ್, ಫಿಲಿಪೀನ್ಸ್‌ನಿಂದ ಜನ ಬಂದರು. 1885ರಲ್ಲಿ ಜಪಾನ್ ಸರ್ಕಾರದ ಒಪ್ಪಿಗೆಯ ಮೇಲೆ ಬಂದ ಮೊದಲ ಹಡಗಿನಲ್ಲಿ 900ಕ್ಕೂ ಹೆಚ್ಚು ಜನ ಇದ್ದರು. ಅವರದ್ದು ಮೂರು ವರ್ಷದ ಕರಾರು. ಗಂಡಸಿಗೆ ತಿಂಗಳಿಗೆ 9 ಡಾಲರ್ ಸಂಬಳ, ಊಟಕ್ಕೆ 6 ಡಾಲರ್. ಹೆಸರು ಹಿಡಿದು ಕರೆಯೋರಿಲ್ಲ; ಕೊರಳಿಗೆ ಬಾಂಗೋ ಅನ್ನುವ ನಂಬರಿನ ಬಿಲ್ಲೆ. ಸಂಬಳ ತಗೊಳ್ಳೋಕೂ, ತೋಟದ ಅಂಗಡಿಯಲ್ಲಿ ಸಾಲ ಬರೆಸೋಕೂ ಅದೇ ನಂಬರ್. ಇಂಥ ಕರಾರಿನ ದುಡಿಮೆ ಕಾನೂನಿನಲ್ಲಿ ನಿಂತದ್ದು 1900ರಲ್ಲಿ. 1946ರಲ್ಲಿ ಎಲ್ಲ ಭಾಷೆಯ ಸುಮಾರು 26,000 ಕಬ್ಬಿನ ಕಾರ್ಮಿಕರು ಒಟ್ಟಾಗಿ 79 ದಿನ ಮುಷ್ಕರ ಹೂಡಿ ಗೆದ್ದರು.

ಸಂಬಳದ ಪಟ್ಟಿ ನೋಡೋದು ನಮ್ಮ ಕಸುಬು, ಹಾಗಾಗಿ ಈ ಲೆಕ್ಕ ಮನಸ್ಸಿಗೆ ಅಂಟಿಕೊಂಡಿತು. ನಮ್ಮ ಕಷ್ಟ ಅವರದ್ದರ ಮುಂದೆ ಏನೂ ಅಲ್ಲ. ಆದ್ರೆ ನಮ್ಮ ವೀಸಾ ಕೂಡ ಒಂದು ಸಲಕ್ಕೆ ಕೊಡೋದು ಹೆಚ್ಚೆಂದರೆ ಮೂರು ವರ್ಷಕ್ಕೆ. ಕರಾರು ಮುಗಿಸಿದ ಜಪಾನಿನವರಲ್ಲಿ ಎಷ್ಟೋ ಮಂದಿ ಊರಿಗೆ ಹೋದರು. ಕೆಲವರು ಕೋನಾ ಗುಡ್ಡದಲ್ಲಿ ಚಿಕ್ಕ ಚಿಕ್ಕ ಜಮೀನು ಗೇಣಿಗೆ ಹಿಡಿದು ಕಾಫಿ ಬೆಳೆದರು. ಮೊದಲ ದಿನ ನಾವು ನೋಡಿದ ಆ ಬೋಳು ತೋಟಗಳ ಹಿಂದೆ ಅವರ ದುಡಿಮೆಯೂ ಇದೆ. ಇದನ್ನು ಕೇಳಿದ ಮೂಡಿಗೆರೆಯವರು ಆ ರಾತ್ರಿ ಊರಿಗೆ ಫೋನ್ ಮಾಡಿ, ಕೆಲಸ ಹೋದ ಸುದ್ದಿಯನ್ನು ತಂದೆಗೆ ಹೇಳಿದ್ರು. ಅಷ್ಟು ದಿನ ಹೇಳಿರಲಿಲ್ಲ. "ತೋಟ ಎಲ್ಲಿಗೂ ಓಡಿಹೋಗಲ್ಲ, ನೀನು ಪ್ರಯತ್ನ ಮಾಡು" ಅಂದರಂತೆ.

ಹೋಗುವವರಿಗೆ ನಾಲ್ಕು ಮಾತು. ಉದ್ಯಾನದ ಮೇಲ್ಭಾಗ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಚಳಿಗೆ ಸ್ವೆಟರ್, ಮಳೆಗೆ ಕೋಟು, ಗಟ್ಟಿ ಬೂಟು ಬೇಕು. ನೀರು ಜಾಸ್ತಿ ಇರಲಿ. ಲಾವಾ ಕಲ್ಲು, ಕಪ್ಪು ಮರಳು ಜೇಬಿಗೆ ಹಾಕೋದು ತಪ್ಪು. ಹವಾಯಿಯ ಮೂಲನಿವಾಸಿಗಳಿಗೆ ಕೀಲಾವೇಯಾ ಪೇಲೆ ದೇವಿಯ ಮನೆ. ವಾಪಸ್ ಬರುವಾಗ ಹಣ್ಣು, ಗಿಡಗಳ ತಪಾಸಣೆ ಇರುತ್ತೆ. ಮತ್ತೆ, 60 ದಿನದ ಲೆಕ್ಕದಲ್ಲಿ ಇರುವವರು ಯಾರಾದ್ರೂ ಗೆಳೆಯರಿದ್ರೆ ಅವರನ್ನು ಬಿಟ್ಟು ಹೋಗಬೇಡಿ, ಎಳೆದುಕೊಂಡು ಹೋಗಿ.

ಗ್ರೀನ್ ಕಾರ್ಡ್ ಬಂದ ಮೇಲೆ ನೋಡೋಣ ಅಂತ ನಾವೆಲ್ಲ ಎಷ್ಟು ಕೆಲಸ ಮುಂದೂಡಿದ್ದೀವಿ! ಮನೆ, ಪ್ರವಾಸ, ಅಪ್ಪ-ಅಮ್ಮನ ಜೊತೆ ಒಂದು ತಿಂಗಳು. ನೆಲ ಪೂರ್ತಿ ಗಟ್ಟಿಯಾಗಲಿ ಅಂತ ಆ ದ್ವೀಪದಲ್ಲಿ ಯಾರೂ ಕಾಯ್ತಾ ಕೂತಿಲ್ಲ. ಇದನ್ನು ಬರೆಯೋ ಹೊತ್ತಿಗೆ ಮೂಡಿಗೆರೆಯವರಿಗೆ ಇನ್ನೂ 21 ದಿನ ಇದೆ. ಎರಡು ಇಂಟರ್‌ವ್ಯೂ ಮುಗಿದಿವೆ, ಮೂರನೆಯದು ಬರೋ ಮಂಗಳವಾರ.