ಬಾಯಿ ಬಿಟ್ಟರೆ ಪಾತ್ರ ಯಾರೆಂದು ಗೊತ್ತು!

ನಿಮಗಿದು ಗೊತ್ತೆ? ಜಪಾನಿನ ವಿಡಿಯೊ ಗೇಮ್‌ಗಳಲ್ಲಿ ಪಾತ್ರ ಎಂಥದ್ದು ಎಂಬುದನ್ನು ಮಾತಿನ ಧಾಟಿಯೇ ಹೇಳಿಬಿಡುತ್ತದೆ. ನಮಗೆ ‘ನಾನು’ ಒಂದೇ. ಅಲ್ಲಿ ಹುಡುಗ ‘ಬೊಕು’ ಎಂದರೆ ಒರಟ ‘ಒರೆ’ ಎನ್ನುತ್ತಾನೆ, ಸಮುರಾಯ್ ‘ಸೆಶ್ಶಾ’, ಮುದುಕ ‘ವಾಶಿ’. ವಾಕ್ಯದ ಕೊನೆಗೆ ‘ಜ’ ಬಂತೆಂದರೆ ಆತ ವಯಸ್ಸಾದ ಪಂಡಿತ. 1996ರ ಪೊಕೆಮಾನ್ ಗೇಮಿನ ಪ್ರೊಫೆಸರ್ ಓಕಿಡೊ ಮಾತಿನಲ್ಲಿ ಇದು ಕೇಳಿಸುತ್ತದೆ. ಭಾಷಾವಿಜ್ಞಾನಿ ಸಾತೊಶಿ ಕಿನ್ಸುಯಿ ಇಂಥ ಪಾತ್ರಭಾಷೆಯನ್ನು ‘ಯಾಕುವಾರಿಗೊ’ ಎಂದು ಕರೆದು 2003ರಲ್ಲಿ ಪುಸ್ತಕವನ್ನೇ ಬರೆದರು. ಇಂದಿನ ಟೋಕಿಯೊದ ಅಜ್ಜಂದಿರು ಹೀಗೆ ಮಾತಾಡುವುದಿಲ್ಲ. ಇದರ ಮೂಲ ಟೋಕಿಯೊವನ್ನು ಎಡೊ ಎಂದು ಕರೆಯುತ್ತಿದ್ದ ಕಾಲದಲ್ಲಿದೆ: ಯುವಕರು ಎಡೊ ನಗರದ ಹೊಸ ಮಾತಿಗೆ ಹೊರಳಿದಾಗ ಹಿರಿಯ ವೈದ್ಯರು, ವಿದ್ವಾಂಸರು ಪಶ್ಚಿಮ ಜಪಾನಿನ ಹಳೆಯ ಶೈಲಿಯನ್ನೇ ಉಳಿಸಿಕೊಂಡಿದ್ದರು. ನಾಟಕ, ಕಥೆಗಳು ಅದನ್ನು ಹಿಡಿದಿಟ್ಟವು.

ಚನ್ನಗಿರಿ, ಜಗಳೂರು ಸೀಮೆಯಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಇದು ಅಪರಿಚಿತವಲ್ಲ. ರಾಜನದು ‘ಎಲೈ ಸಾರಥಿ’ ಎಂಬ ಗತ್ತಿನ ಗ್ರಂಥಸ್ಥ ಕನ್ನಡ. ಸಾರಥಿಯದು ಊರಿನ ಆಡುಮಾತು. ಬಯಲಿನ ಆ ತುದಿಯಲ್ಲಿ ಕೂತವರಿಗೂ, ಮುಖ ಕಾಣದಿದ್ದರೂ, ಮಾತಾಡಿದ್ದು ಯಾರೆಂದು ತಿಳಿಯುತ್ತದೆ. ಎಂಥ ಸೊಗಸಾದ ಉಪಾಯ! ಆದರೆ ಸಿನಿಮಾಗಳು ಉತ್ತರ ಕರ್ನಾಟಕದ ಕನ್ನಡವನ್ನು ಬರೀ ನಗಿಸುವ ಪಾತ್ರಕ್ಕೆ ಕೊಟ್ಟಾಗ ನೋವಾಗುತ್ತದೆ. ಆ ಭಾಗದ ಡಾಕ್ಟರು, ಮೇಷ್ಟ್ರು ಮಾತಾಡುವುದೂ ಅದೇ ಕನ್ನಡವನ್ನಲ್ಲವೆ?

ಪಾತ್ರಕ್ಕೆ ತಕ್ಕ ಭಾಷೆಯ ಮಾತು ಬಂದರೆ, ಸಂಸ್ಕೃತ ನಾಟಕಗಳಲ್ಲಂತೂ ರಾಜನಿಗೆ ಸಂಸ್ಕೃತ, ಹೆಚ್ಚಿನ ಸ್ತ್ರೀಪಾತ್ರಗಳಿಗೆ ಪ್ರಾಕೃತ. ಬ್ರಾಹ್ಮಣನಾದ ವಿದೂಷಕನೂ ಪ್ರಾಕೃತದಲ್ಲೇ ಮಾತಾಡುತ್ತಾನೆ.