ಚಿಕ್ಕ ಪ್ರಕಾಶನ ಸಂಸ್ಥೆಗಳ ವಿಶ್ವಾಸಾರ್ಹತೆ

ಚಿಕ್ಕ ಪ್ರಕಾಶನ ಸಂಸ್ಥೆಯ ವಿಶ್ವಾಸಾರ್ಹತೆ ಎಂದರೆ ಅದು ಹೊಸ ಲೇಖಕರ ಹಕ್ಕು, ಗೌರವಧನ ಹಾಗೂ ಪುಸ್ತಕದ ಮಾರಾಟದ ಬಗ್ಗೆ ಲಿಖಿತವಾಗಿ ಒಪ್ಪಿ, ಅದರಂತೆ ನಡೆದುಕೊಳ್ಳುವುದು. ಲೇಖಕರೇ ಮುದ್ರಣ ವೆಚ್ಚ ಭರಿಸಿದರೆ ನಷ್ಟದ ಹೊಣೆಯೂ ಅವರದೇ ಆಗುತ್ತದೆ.

ಹಿನ್ನೆಲೆ
ಹಾವೇರಿ ಜಿಲ್ಲೆಯ ಕಾದಂಬರಿಕಾರ ಗಳಗನಾಥರು (ವೆಂಕಟೇಶ ತಿರಕೋ ಕುಲಕರ್ಣಿ, ೧೮೬೯–೧೯೪೨) ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಮುದ್ರಣಕ್ಕಿಂತ ಮಾರಾಟವೇ ಕಠಿಣ ಎಂಬುದಕ್ಕೆ ಇದು ನಿದರ್ಶನ.

ಪರಿಶೀಲಿಸಬೇಕಾದ ಅಂಶಗಳು
• ಒಪ್ಪಂದ: ಹಕ್ಕುಸ್ವಾಮ್ಯ ಕಾಯ್ದೆ, ೧೯೫೭ರ ೧೯ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಸಹಿ ಹೊಂದಿರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತ. ಬೇರೆ ಷರತ್ತಿಲ್ಲದೆ, ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದರೆ ವರ್ಗಾವಣೆ ರದ್ದಾಗುತ್ತದೆ.
• ಐಎಸ್‌ಬಿಎನ್: ಪುಸ್ತಕದ ಈ ಗುರುತು ಸಂಖ್ಯೆಯನ್ನು ಭಾರತದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ನೀಡುತ್ತದೆ. ಇದಕ್ಕೆ ಸರ್ಕಾರಿ ಶುಲ್ಕವೆಂದು ಹಣ ಕೇಳುವುದು ಅನುಮಾನಾಸ್ಪದ. ಸಂಖ್ಯೆ ಇದ್ದ ಮಾತ್ರಕ್ಕೆ ಗುಣಮಟ್ಟ ಖಾತರಿಯಾಗುವುದಿಲ್ಲ.
• ಹಿಂದಿನ ಪ್ರಕಟಣೆಗಳು: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಲೇಖಕರು ಸಂಸ್ಥೆಯ ಹಳೆಯ ಪುಸ್ತಕಗಳ ಮುದ್ರಣ ಮತ್ತು ಕರಡು ತಿದ್ದುವಿಕೆಯನ್ನು ಗ್ರಂಥಾಲಯ, ಪುಸ್ತಕದಂಗಡಿಗಳಲ್ಲಿ ಗಮನಿಸಿ, ಗೌರವಧನ ಸಂದಿದೆಯೇ ಎಂದು ಅವುಗಳ ಲೇಖಕರನ್ನೇ ವಿಚಾರಿಸಬಹುದು.

ಸರ್ಕಾರಿ ನೆರವು
ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರವು ಪ್ರೋತ್ಸಾಹಧನ ನೀಡುವ ಯೋಜನೆ ಹೊಂದಿದೆ.